ಧಾತು ಬರವೂ ಸುದ್ದಿಗಾರರ ಸಂಕಟವೂ

ಹಿರಿಯೂರಿನ ಮಾರಿಕಣಿವೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷಗಳ ಮೇಲೆ ಹರಿದ ನೀರನ್ನು ನೋಡಲು ಊರಿಗೆ ಊರೇ ಸೇರಿತು, ಕ್ಯಾಮೆರಾಗಳೂ ಬಂದವು. ತುಂಬಿದ ನೀರನ್ನು ತೋರಿಸಲು ಯಾರಿಗೂ ಸಂಕೋಚವಿಲ್ಲ. ಆದರೆ ಬರವನ್ನು ತೋರಿಸುವವನ ಪಾಡು ಬೇರೆ. ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸ 1897ರಲ್ಲಿ ಶುರುವಾದಾಗ ಮೈಸೂರು ಸೀಮೆಯ ಮಹಾಕ್ಷಾಮ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಹಿರಿಯರು ಅದನ್ನು ಧಾತು ಬರ ಎಂದೇ ಕರೆದರು. 1876ರಲ್ಲಿ ಮಳೆ ಕೈಕೊಟ್ಟಿತು. ಹಸಿವು 1878ರವರೆಗೂ ಬಿಡಲಿಲ್ಲ. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಇಲ್ಲಿ ಅರಸರ ಆಳ್ವಿಕೆಯಿರಲಿಲ್ಲ, ಬ್ರಿಟಿಷ್ ಕಮಿಷನರರ ಆಡಳಿತವಿತ್ತು. ಜನ ಹಸಿವಿನಿಂದ ಸಾಯುತ್ತಿರುವಾಗಲೇ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ದರ್ಬಾರು ನಡೆಸಿದ.

ಅದೇ ವರ್ಷ ವಿಲಿಯಂ ಡಿಗ್ಬಿ ಎಂಬ ತರುಣ 'ಮದರಾಸ್ ಟೈಮ್ಸ್' ಪತ್ರಿಕೆಯ ಸಂಪಾದಕನಾದ. ವಯಸ್ಸು ಮೂವತ್ತು ದಾಟಿರಲಿಲ್ಲ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತು ಮಾಡಿದ್ದ ಕಾಲ ಅದು. ಇಷ್ಟರಲ್ಲಿ ದುಡಿಯುವವನು ಬದುಕಲಾರ ಎಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಶ್ ವಾದಿಸಿದರು. ಡಿಗ್ಬಿ ಬರೆದು ಸುಮ್ಮನಾಗಲಿಲ್ಲ. ಆಗಸ್ಟ್‌ನಲ್ಲಿ ಮದರಾಸಿನ ಸಾರ್ವಜನಿಕ ಸಭೆ ಲಂಡನ್ನಿನ ಜನರಿಗೆ ಮೊರೆಯಿಟ್ಟಾಗ ಹುಟ್ಟಿದ ಪರಿಹಾರ ನಿಧಿಗೆ ಆತ ಕಾರ್ಯದರ್ಶಿಯಾದ. ಸುಮಾರು ಎಂಟು ಲಕ್ಷ ಪೌಂಡು ಹಣ ಬಂತು.

ಇಕ್ಕಟ್ಟು ಇರುವುದು ಇಲ್ಲಿಯೇ. ಸಂಪಾದಕನಾದವನು ಸರ್ಕಾರವನ್ನು ಪ್ರಶ್ನಿಸಬೇಕು; ನಿಧಿಯ ಕಾರ್ಯದರ್ಶಿಯಾದವನು ಅದೇ ಸರ್ಕಾರದ ಅಧಿಕಾರಿಗಳ ಜೊತೆ ಕೂತು ಅನ್ನ ಹಂಚಬೇಕು. ಬರೀ ಬರೆದರೆ ಹೊಟ್ಟೆ ತುಂಬದು. ಬರೀ ಹಂಚಿದರೆ ಹಸಿವು ಯಾಕೆ ಬಂತೆಂದು ಕೇಳುವವರಿಲ್ಲ. ಡಿಗ್ಬಿ ಎರಡೂ ದೋಣಿಯಲ್ಲಿ ಕಾಲಿಟ್ಟ. ಸರ್ಕಾರ ಆತನಿಗೆ ಬಿರುದು ಕೊಟ್ಟಿತು. ಆದರೂ 1878ರಲ್ಲಿ ಆತ ಹೊರತಂದ, ಮೈಸೂರಿನ ಬರವನ್ನೂ ಒಳಗೊಂಡ, ಎರಡು ಸಂಪುಟಗಳ ಇತಿಹಾಸದಲ್ಲಿ ಆ ಒಂದು ಪೌಂಡಿನ ಜಗಳ ವಿವರವಾಗಿ ದಾಖಲಾಗಿದೆ. ಬಿರುದು ಬಾಯಿ ಕಟ್ಟಲಿಲ್ಲವೆಂದೇ ನಾವು ಭಾವಿಸುತ್ತೇವೆ.

ಅದೇ ಬರದಲ್ಲಿ ಮದರಾಸ್ ಸೈನ್ಯದ ಅಧಿಕಾರಿ ವಿಲ್ಲೋಬಿ ಹೂಪರ್ ಕ್ಯಾಮೆರಾ ಹಿಡಿದು ಹೊರಟ. ಎಲುಬಿನ ಹಂದರವಾದ ಗಂಡಸರು, ಹೆಂಗಸರು, ಮಕ್ಕಳನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದ. ಇಂದು ಆ ಬರದ ಮುಖ ನಮಗೆ ಕಾಣುವುದು ಆ ಚಿತ್ರಗಳಿಂದಲೇ. ಆದರೆ ನಿಲ್ಲಲಾರದವರನ್ನು ಅಲುಗಾಡದಂತೆ ಕೂರಿಸಿದ ಆ ಹೊತ್ತನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1886ರಲ್ಲಿ ಇದೇ ಹೂಪರ್ ಬರ್ಮಾದಲ್ಲಿ ಕೈದಿಗಳಿಗೆ ಗುಂಡಿಕ್ಕುವ ಕ್ಷಣವನ್ನು ಸೆರೆಹಿಡಿಯಲು ಕ್ಯಾಮೆರಾ ಹೂಡಿ ನಿಂತ. ಅದನ್ನು ಬಯಲಿಗೆ ತಂದವನು ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವರದಿಗಾರ. ವಿಚಾರಣೆ ನಡೆದು ಹೂಪರ್‌ಗೆ ಛೀಮಾರಿಯಾಯಿತು, ಸಂಬಳವೂ ಕಡಿತವಾಯಿತು.

ಕತೆ ಬರೆಯುವ ನಮಗೆ ಒಂದು ಆಸರೆಯಿದೆ. ಹೆಸರು ಬದಲಿಸಬಹುದು, ಊರು ಬದಲಿಸಬಹುದು, ಅಳುವವಳ ಮುಖಕ್ಕೆ ಸೆರಗು ಎಳೆಯಬಹುದು. ವರದಿಗಾರನಿಗೆ ಆ ಅನುಕೂಲವಿಲ್ಲ. ನಡೆಯುವಾಗಲೇ ಅವನು ಅಲ್ಲಿರಬೇಕು.

ನಮ್ಮ ಕಾಲದಲ್ಲೇ ಇದು ಮಂಗಳೂರಿನಲ್ಲಿ ನಡೆಯಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ಎರಗಿತು. ಟಿವಿ ವರದಿಗಾರ ನವೀನ್ ಸೂರಿಂಜೆ ಅದನ್ನು ಜಗತ್ತಿಗೆ ತೋರಿಸಿದರು. ಆ ದೃಶ್ಯಗಳಿಂದಲೇ ಹಲ್ಲೆಕೋರರ ಗುರುತು ಸಿಕ್ಕಿತು. ಪೊಲೀಸರು ಮಾತ್ರ ಅವರನ್ನೂ ಆರೋಪಿಯಾಗಿಸಿದರು. ನವೆಂಬರ್ 7ರಂದು ಬಂಧಿಸಿದರು. ತಡೆಯದೆ ಚಿತ್ರೀಕರಿಸಿದ್ದೇಕೆ ಎಂಬ ಪ್ರಶ್ನೆ ಎದ್ದಿತು. ಪೊಲೀಸರಿಗೆ ಫೋನ್ ಮಾಡಲು ಯತ್ನಿಸಿದ್ದೆ ಎಂದು ಅವರು ಹೇಳಿದರು. ಹೈಕೋರ್ಟ್ ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ತಿಂಗಳುಗಟ್ಟಲೆ ಅವರು ಜೈಲಿನಲ್ಲಿದ್ದರು. ಆ ಹುಡುಗಿಯರ ಗೋಳನ್ನು ದಿನಗಟ್ಟಲೆ ಮತ್ತೆ ಮತ್ತೆ ಪ್ರಸಾರ ಮಾಡಿದವರನ್ನು ಯಾರೂ ಏನೂ ಕೇಳಲಿಲ್ಲ.