ಎಡದ ದನಿ, ಬಲದ ದನಿ

ನಮ್ಮ ತಂದೆಯವರಿಗೆ ಎಡಗಿವಿ ಮಂದವಾಗಿದೆಯೆಂಬ ಮಾತು ಮನೆಯಲ್ಲಿ ಹುಟ್ಟಿ ಎರಡು ವರ್ಷವಾಗಿತ್ತು. ಹುಟ್ಟಿಸಿದವರು ಅವರೇ. ಅಜ್ಜಂಪುರದ ಮನೆಯ ನಡುಮನೆಯಲ್ಲಿ ಒಂದು ಹಳೆಯ ವಾಲ್ವ್ ರೇಡಿಯೊ ಇದೆ. ಅದರ ಎಡಬಲಕ್ಕೆ ಎರಡು ಸ್ಪೀಕರ್ ಪೆಟ್ಟಿಗೆಗಳು. ಸಂಜೆ ಅದರೆದುರು ಕುಳಿತು ಗ್ರಾಮಫೋನ್ ತಟ್ಟೆ ಕೇಳುವುದು ಅವರ ಬಹುಕಾಲದ ರೂಢಿ. ಒಂದು ದಿನ ಎಡಗಿವಿಯನ್ನು ಮುಟ್ಟಿಕೊಂಡು, "ಈ ಕಡೆ ಸರಿಯಾಗಿ ಕೇಳಿಸೋದಿಲ್ಲ ಕಣೋ, ವಯಸ್ಸಾಯಿತು" ಎಂದರು. ಅಲ್ಲಿಂದ ಮುಂದೆ ದೇವಸ್ಥಾನದ ಹರಿಕಥೆಗೆ ಹೋಗುವುದು ನಿಂತಿತು. ಮದುವೆಮನೆಗಳು ನಿಂತವು. ಟೆಲಿಫೋನ್ ಬಂದರೆ ತಾಯಿಯವರ ಕೈಗೆ ಕೊಡುವುದಾಯಿತು. ನಾಲ್ಕು ಜನರ ನಡುವೆ ಕಿವುಡನೆನ್ನಿಸಿಕೊಳ್ಳುವುದಕ್ಕಿಂತ ಮನೆಯ ಮೂಲೆ ಲೇಸೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಯುಗಾದಿಗೆಂದು ಕಡೂರಿನಿಂದ ಊರಿಗೆ ಹೋದಾಗ, ಅವರು ಸ್ನಾನಕ್ಕೆ ಎದ್ದಿದ್ದ ಸಮಯದಲ್ಲಿ, ನಾನು ಅವರ ಕುರ್ಚಿಯಲ್ಲಿ ಕುಳಿತೆ. ತಟ್ಟೆ ಹಾಡುತ್ತಲೇ ಇತ್ತು. ನನಗೂ ಎಡಗಡೆಯ ದನಿ ಸಣ್ಣಗೆ ಕೇಳಿಸಿತು. ಹಾಗಾದರೆ ದೋಷ ಕಿವಿಯದೋ, ಪೆಟ್ಟಿಗೆಯದೋ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಇಂಥದೊಂದು ಪೆಟ್ಟಿಗೆ ನಮ್ಮ ಸೀಮೆಗೆ ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ನಮ್ಮ ತಾತನ ಕಾಲದಲ್ಲಿ ರೇಡಿಯೊ ಎಂದರೆ ದೂರದಿಂದ ಬರುವ ಒಂದೇ ದನಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ನಡೆಸತೊಡಗಿದರು. 30 ವ್ಯಾಟ್ ಎಂದರೆ ಇಂದು ಒಂದು ಸಣ್ಣ ದೀಪದ ಶಕ್ತಿ. ಆ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು; ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವುದುಂಟು. ಮುಂದೆ ಇಡೀ ದೇಶದ ರೇಡಿಯೊ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. 1955ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯ ಆರಂಭವಾಯಿತು. ಆದರೂ ಕಡೂರು ತರೀಕೆರೆಗಳ ಜನಕ್ಕೆ ರೇಡಿಯೊ ನೆರೆಮನೆಯವನಂತೆ ಹತ್ತಿರವಾದದ್ದು 1965ರಲ್ಲಿ, ಭದ್ರಾವತಿಯ ನಿಲಯ ತೆರೆದ ಮೇಲೆ. ಅಲ್ಲಿಯವರೆಗೆ ಎರಡು ತೆಂಗಿನ ಮರಗಳ ನಡುವೆ ಏರಿಯಲ್ ತಂತಿ ಕಟ್ಟಿ, ಗೊರಗೊರ ಶಬ್ದದ ನಡುವಿನಿಂದ ಮಾತನ್ನು ಆರಿಸಿಕೊಳ್ಳಬೇಕಾಗಿತ್ತು. ಜೊತೆಗೆ ಲೈಸೆನ್ಸ್, ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಹಣ ಕಟ್ಟಬೇಕು. ತಾತನ ಲೈಸೆನ್ಸ್ ಪುಸ್ತಕ ನಮ್ಮ ಮನೆಯಲ್ಲಿ ಇನ್ನೂ ಇದೆ.

ಎರಡು ದನಿಗಳ ಕಥೆ ಬೇರೆ. ಲಂಡನ್ನಿನ ಇ.ಎಂ.ಐ. ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲಮ್ಲೀನ್ 1931ರ ಡಿಸೆಂಬರಿನಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದ. ಚಲನಚಿತ್ರದಲ್ಲಿ ನಟ ಪರದೆಯ ಆ ತುದಿಗೆ ನಡೆದರೂ ಮಾತು ಮಾತ್ರ ಈ ತುದಿಯಿಂದಲೇ ಬರುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಕಥೆ ಇದೆ. ತಟ್ಟೆಯ ಮೇಲಿನ ಒಂದೇ ಗೀರಿನ ಎರಡು ಗೋಡೆಗಳಲ್ಲಿ, ಒಂದರಲ್ಲಿ ಎಡದ ದನಿಯನ್ನೂ ಇನ್ನೊಂದರಲ್ಲಿ ಬಲದ ದನಿಯನ್ನೂ ಕೊರೆಯುವ ಉಪಾಯ ಆ ಅರ್ಜಿಯಲ್ಲೇ ಇತ್ತು. ಅಂಥ ತಟ್ಟೆಗಳು ಪೇಟೆಗೆ ಬಂದದ್ದು ಮಾತ್ರ 1957-58ರ ಸುಮಾರಿಗೆ. ಬ್ಲಮ್ಲೀನ್ ಅದನ್ನು ನೋಡಲಿಲ್ಲ. 1942ರಲ್ಲಿ, ರೇಡಾರ್ ಪರೀಕ್ಷೆಗೆಂದು ಹಾರಿದ ವಿಮಾನ ಬಿದ್ದು, 38ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಎರಡು ದನಿಯ ರೇಡಿಯೊ ಪ್ರಸಾರಕ್ಕೆ ಅಮೆರಿಕದ ಸರಕಾರ ಒಪ್ಪಿಗೆ ಕೊಟ್ಟದ್ದು 1961ರಲ್ಲಿ.

ನಮ್ಮ ಪೆಟ್ಟಿಗೆ ಅದರ ಮರುವರ್ಷಗಳದು, ಪರದೇಶದ್ದು. ಬಾಬಾಬುಡನ್ ಗಿರಿಯ ಕಡೆಯ ಒಂದು ಕಾಫಿ ತೋಟದ ಬಂಗಲೆಯ ಸಾಮಾನು ಮಾರಾಟಕ್ಕೆ ಬಂದಾಗ ತಾತ ಕೊಂಡು ತಂದದ್ದು. ಮುಖದ ಮೇಲೆ 'ಸ್ಟೀರಿಯೊ' ಎಂದು ಚಿನ್ನದ ಬಣ್ಣದ ಅಕ್ಷರ. ಎರಡು ದನಿಯಲ್ಲಿ ಮಾತಾಡುವ ನಿಲಯ ಮಾತ್ರ ಈ ಸೀಮೆಯಲ್ಲಿ ಒಂದೂ ಇರಲಿಲ್ಲ. ನಮ್ಮ ದೇಶದಲ್ಲಿ ಎಫ್.ಎಂ. ಪ್ರಸಾರವೇ ಆರಂಭವಾದದ್ದು 1977ರಲ್ಲಿ, ಮದರಾಸಿನಲ್ಲಿ. ಹೀಗಾಗಿ ಭದ್ರಾವತಿಯ ವಾರ್ತೆ ಎಡಪೆಟ್ಟಿಗೆಯಲ್ಲೂ ಬಲಪೆಟ್ಟಿಗೆಯಲ್ಲೂ ಅಕ್ಷರಶಃ ಒಂದೇ. ಊರವರು, "ಒಂದೇ ಮಾತಿಗೆ ಎರಡು ಬಾಯಿ ಯಾಕೆ?" ಎಂದು ತಾತನನ್ನು ನಗೆಯಾಡುತ್ತಿದ್ದರಂತೆ.

ಆ ನಗೆಯಾಟವೇ ನನಗೆ ದಾರಿ ತೋರಿಸಿತು. ನಾನು ಕನ್ನಡದ ಮೇಷ್ಟ್ರು. ವಿದ್ಯುತ್ತಿನ ವಿದ್ಯೆ ನನ್ನದಲ್ಲ. ಆದರೆ ಒಂದೇ ಕಾವ್ಯದ ಎರಡು ಓಲೆಪ್ರತಿಗಳನ್ನು ಎದುರೆದುರಿಗಿಟ್ಟು ಲಿಪಿಕಾರ ಎಲ್ಲಿ ಎಡವಿದನೆಂದು ನೋಡುವುದು ಗೊತ್ತು. ಮಧ್ಯಮ ತರಂಗದಲ್ಲಿ ಒಂದು ನಿಲಯ ಹಿಡಿದೆ. ಎರಡು ಕಡೆಗೂ ಹೋಗುತ್ತಿರುವುದು ಒಂದೇ ಪಾಠ; ವ್ಯತ್ಯಾಸವೇನಾದರೂ ಇದ್ದರೆ ಅದು ಪ್ರಸಾರದ್ದಾಗಲಾರದು. ಎಡ ಸಣ್ಣಗೇ ಇತ್ತು. ತಟ್ಟೆಯೂ ಅದರ ಮುಳ್ಳೂ ನಿರ್ದೋಷಿಗಳೆಂದಾಯಿತು. ರೇಡಿಯೊ ಆರಿಸಿ, ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಹಚ್ಚಿದೆ. ಈಗ ಬಲಪೆಟ್ಟಿಗೆ ಸಣ್ಣಗಾಯಿತು! ಸ್ಪೀಕರುಗಳೂ ಪಾರಾದವು. (ವಾಲ್ವ್ ಯಂತ್ರವನ್ನು ಸ್ಪೀಕರ್ ತಂತಿ ಬಿಚ್ಚಿದಂತೆಯೇ ನಡೆಸಬಾರದು, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟೀತು.) ದೋಷ ಪೆಟ್ಟಿಗೆಯ ಹೊಟ್ಟೆಯಲ್ಲೇ.

ಕಂಬಳಿ ಸುತ್ತಿ ತರೀಕೆರೆಗೆ ಒಯ್ದೆ. ಅಲ್ಲಿ ವಾಲ್ವ್ ಬಲ್ಲ ಹಿರಿಯರೊಬ್ಬರು ಇನ್ನೂ ಅಂಗಡಿ ಇಟ್ಟಿದ್ದಾರೆ. "ಮೇಷ್ಟ್ರೇ, ಆರಿಸಿದ ಮೇಲೂ ಇದರೊಳಗೆ ಇನ್ನೂರೈವತ್ತು ವೋಲ್ಟು ಕೂತಿರುತ್ತೆ, ಕೈ ಹಾಕಬೇಡಿ" ಎಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಮೊದಲು ದನಿಯ ಗುಂಡಿ. ಅದರೊಳಗೆ ಕೊಳೆ ಕೂತಿದ್ದರೆ ದನಿ ತಗ್ಗಿಸಿದಾಗ ಮಾತ್ರ ಎಡಬಲ ತಪ್ಪುವುದಂತೆ. ನಮ್ಮದು ಏರಿಸಿದರೂ ತಗ್ಗಿಸಿದರೂ ಒಂದೇ ಸಮ ತಪ್ಪುತ್ತಿತ್ತು. ಬಳಿಕ ವಾಲ್ವುಗಳು. ಎಡದ ಇ.ಸಿ.ಸಿ. 83ನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು; ವ್ಯತ್ಯಾಸವಿಲ್ಲ. ಇ.ಎಲ್. 84ಗಳನ್ನೂ ಹಾಗೆಯೇ ಬದಲಿಸಿದರು, ವ್ಯತ್ಯಾಸವಿಲ್ಲ. ಅವುಗಳಲ್ಲಿ ಒಂದರ ಗಾಜಿನ ಮೇಲೆ 'ಬಿ.ಇ.ಎಲ್.' ಎಂಬ ಅಕ್ಷರ ಮಾಸಿ ಉಳಿದಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಆ ಕಾರ್ಖಾನೆ 1961ರಿಂದ ರೇಡಿಯೊ ವಾಲ್ವುಗಳನ್ನು ಮಾಡತೊಡಗಿತು. ಹಡಗಿನಲ್ಲಿ ಬಂದ ಪೆಟ್ಟಿಗೆಗೆ ಬೆಂಗಳೂರಿನ ವಾಲ್ವ್ ಜೀವ ಕೊಟ್ಟಿದ್ದನ್ನು ಕಂಡು ನನಗೆ ಏನೋ ಹಿಗ್ಗು.

ಮೀಟರ್ ಹಿಡಿದು ಅಳೆದರು. ಎರಡೂ ಕಡೆಯ ಇ.ಎಲ್. 84ರ ಕ್ಯಾಥೋಡಿನಲ್ಲಿ ಏಳು ವೋಲ್ಟಿನ ಆಸುಪಾಸು. ಕೂದಲೆಳೆಯ ಅಂತರವೂ ಇಲ್ಲ. ಅಳತೆಯಲ್ಲಿ ಅವಳಿಜವಳಿ, ದನಿಯಲ್ಲಿ ಒಂದು ಬಡಕಲು! ನಾನು ಸೋತೆನೆಂದುಕೊಂಡೆ. ಅವರು ನಕ್ಕು, ಮೇಜಿನ ಖಾನೆಯಿಂದ ಒಂದು ಹೊಸ ಕಂಡೆನ್ಸರ್ ತೆಗೆದು, ಒಳಗಿನ ಹಳೆಯದರ ಎರಡು ತುದಿಗಳಿಗೆ ಮುಟ್ಟಿಸಿ ಹಿಡಿದರು. ಎಡದ ದನಿ ಎದ್ದು ನಿಂತಿತು. ಕೈ ತೆಗೆದರೆ ಮತ್ತೆ ಕುಗ್ಗಿತು.

ಅವರು ವಿವರಿಸಿದ್ದು ಇಷ್ಟು: ಕ್ಯಾಥೋಡಿನಿಂದ ನೆಲಕ್ಕೆ ಹೋಗುವ ಹಾದಿಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ. ಸ್ಥಿರವಾದ ವಿದ್ಯುತ್ತು ಅದರಲ್ಲಿ ಹರಿಯುತ್ತದೆ. ಏರಿಳಿಯುವ ದನಿಗೆ ಬೇರೆ ಬಾಗಿಲು ಬೇಕು. ಅದೇ ಪಕ್ಕದ ಕಂಡೆನ್ಸರ್. ಅರವತ್ತು ವರ್ಷದಲ್ಲಿ ಅದರೊಳಗಿನ ದ್ರವ ಒಣಗಿತು, ಬಾಗಿಲು ಮುಚ್ಚಿತು. ಆಗ ದನಿಯೂ ರೆಸಿಸ್ಟರಿನಲ್ಲೇ ತೂರಬೇಕಾಗಿ ಬಂದು, ವಾಲ್ವ್ ತನ್ನ ಮಾತನ್ನು ತಾನೇ ತಡೆಯುತ್ತದೆ. ದನಿ ಅರ್ಧಕ್ಕಿಂತ ಕೆಳಗಿಳಿದೀತು. ಒಡಕಿಲ್ಲ, ಕರಕರೆಯಿಲ್ಲ, ಆದ್ದರಿಂದ ಯಾರಿಗೂ ಸಂಶಯ ಬಾರದು. ಸ್ಥಿರವಾದ ವಿದ್ಯುತ್ತನ್ನಷ್ಟೇ ಅಳೆಯುವ ಮೀಟರಿಗಂತೂ ತಿಳಿಯದು. ಎರಡೂ ಕಡೆಗೆ ಹೊಸದನ್ನೇ ಹಾಕಿಸಿದೆ. ಒಂದು ಒಣಗಿದ ಮೇಲೆ ಇನ್ನೊಂದು ಎಷ್ಟು ದಿನ?

ಸಂಜೆ ಅಜ್ಜಂಪುರಕ್ಕೆ ಮರಳಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟೆ. ಕುರ್ಚಿಯಲ್ಲಿ ಕುಳಿತು ನೋಡಿದೆ. ಹಾಡುವವರು ಸರಿಯಾಗಿ ನಡುವೆ ನಿಂತಿದ್ದರು. "ಅಪ್ಪಾ, ನಿಮ್ಮ ಕಿವಿಗೆ ಏನೂ ಆಗಿಲ್ಲ, ಬಂದು ಕೇಳಿ" ಎಂದು ಕರೆದೆ. ಅವರು ಕುಳಿತು, ಕಣ್ಣು ಮುಚ್ಚಿ, ಒಂದು ಹಾಡು ಪೂರ್ತಿ ಕೇಳಿದರು. ಮುಖ ಅರಳಿತು. "ಎರಡು ವರ್ಷ ಈ ಪಿಟೀಲು ಎಲ್ಲಿ ಹೋಗಿತ್ತೋ!" ಎಂದರು. ಆಮೇಲೆ ಕೈ ನೀಡಿ ಬ್ಯಾಲೆನ್ಸಿನ ಗುಂಡಿಯನ್ನು ಎಡಕ್ಕೆ ಸ್ವಲ್ಪ, ಒಂದು ಗೆರೆಯಷ್ಟು, ತಿರುಗಿಸಿ, "ಈಗ ಸರಿ" ಎಂದರು.

ಅವರು ಎದ್ದ ಮೇಲೆ ನಾನು ಕುಳಿತು ಕೇಳಿದೆ. ನನಗೆ ಹಾಡು ಎಡಕ್ಕೆ ವಾಲಿತ್ತು. ಗುಂಡಿಯನ್ನು ಮುಟ್ಟಲಿಲ್ಲ. ಮುಂದಿನ ವಾರ ಕಿವಿ ತೋರಿಸಲು ಶಿವಮೊಗ್ಗೆಗೆ ಹೋಗೋಣವೆಂದಾಗ ಅವರು ಬೇಡವೆನ್ನಲಿಲ್ಲ. ರಾತ್ರಿ ಊಟವಾದ ಮೇಲೆ, ದೇವಸ್ಥಾನದಲ್ಲಿ ಹರಿಕಥೆ ಯಾವತ್ತೆಂದು ತಾಯಿಯವರನ್ನು ವಿಚಾರಿಸುತ್ತಿದ್ದುದು ಕೇಳಿಸಿತು.