ಮಲ್ಟಿಕಾಸ್ಟ್ ರೂಟಿಂಗ್

ಒಂದೇ ದತ್ತಾಂಶವನ್ನು ಕೇಳಿದವರಿಗಷ್ಟೇ ಏಕಕಾಲಕ್ಕೆ ತಲುಪಿಸುವ ಜಾಲ ವಿಧಾನ. ಮೂಲದಿಂದ ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆಯುವಲ್ಲಿ ರೂಟರು ಅಥವಾ ಮೂರನೇ ಪದರದ ಸ್ವಿಚ್ಚು ಅದನ್ನು ನಕಲಿಸುತ್ತದೆ. 4 ಮೆಗಾಬಿಟ್ ವೇಗದ ವಿಡಿಯೊ ಪಾಠವನ್ನು 50 ಕಡೆಗೆ ಬಿಡಿಬಿಡಿಯಾಗಿ ಕಳಿಸಲು ಮೂಲದಲ್ಲಿ 200 ಮೆಗಾಬಿಟ್ ಬೇಕು. ಮಲ್ಟಿಕಾಸ್ಟಿಗೆ 4 ಸಾಕು. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಪ್ರಸಾರಕ್ಕೆ ಕೇಳುಗರು ಹೆಚ್ಚಿದರೆ ಹೊರೆ ಹೆಚ್ಚುವುದಿಲ್ಲ; ಆ ಗುಣವನ್ನು ತಂತಿಯ ಜಾಲಕ್ಕೆ ತಂದದ್ದು ಮಲ್ಟಿಕಾಸ್ಟ್.

ಇತಿಹಾಸ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡೀರಿಂಗ್ ಮತ್ತು ಡೇವಿಡ್ ಚೆರಿಟನ್ 1985ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಡೀರಿಂಗ್ ಬರೆದ ಆರ್‌ಎಫ್‌ಸಿ 1112 ಎಂಬ ಮಾನಕ 1989ರಲ್ಲಿ ಹೊರಬಂತು. ಇಂಥ ಗ್ರಾಹಕರ ಗುಂಪುಗಳಿಗೆ 224.0.0.0ರಿಂದ 239.255.255.255ರವರೆಗಿನ ವಿಳಾಸಗಳು ಮೀಸಲಾದವು. 1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ, ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ ಸಭೆಯ ಧ್ವನಿ ಈ ವಿಧಾನದಲ್ಲೇ ಹಲವು ದೇಶಗಳಿಗೆ ಹರಿಯಿತು; ಎಂಬೋನ್ ಎಂಬ ಪ್ರಾಯೋಗಿಕ ಮಲ್ಟಿಕಾಸ್ಟ್ ಜಾಲ ಬೆಳೆದದ್ದು ಅಲ್ಲಿಂದ. ಆಗಿನ ರೂಟಿಂಗ್ ನಿಯಮಾವಳಿಯಾದ ಡಿವಿಎಂಆರ್‌ಪಿ ಮೊದಲು ಎಲ್ಲೆಡೆ ದತ್ತಾಂಶ ಹರಿಸಿ, ಬೇಡವೆಂದ ಕವಲುಗಳನ್ನು ಆಮೇಲೆ ಕತ್ತರಿಸುತ್ತಿತ್ತು. ಕೇಳಿದ ಕಡೆಗಷ್ಟೇ ಕಳಿಸುವ ಪಿಮ್ ಸ್ಪಾರ್ಸ್ ಮೋಡ್ ಎಂಬ ನಿಯಮಾವಳಿ 1997ರಲ್ಲಿ ಪ್ರಕಟವಾಗಿ, 2016ರಲ್ಲಿ ಆರ್‌ಎಫ್‌ಸಿ 7761ರ ರೂಪ ಪಡೆಯಿತು.

ಅಳವಡಿಕೆ: ಸ್ವಿಚ್ಚಿನಲ್ಲಿ ಮಲ್ಟಿಕಾಸ್ಟ್ ರೂಟಿಂಗ್ ಚಾಲೂ ಮಾಡಿ, ದಾರಿಯ ಪ್ರತಿ ಇಂಟರ್‌ಫೇಸಿನಲ್ಲೂ ಪಿಮ್ ಹಾಕಬೇಕು. ಮೂಲ ಮತ್ತು ಗ್ರಾಹಕರು ಕೂಡುವ ರಾಂಡೆವೂ ಪಾಯಿಂಟ್ ಎಲ್ಲ ಸ್ವಿಚ್ಚುಗಳಲ್ಲೂ ಒಂದೇ ಇರಬೇಕು. ಎರಡನೇ ಪದರದಲ್ಲಿ, ಯಾವ ಪೋರ್ಟಿನಲ್ಲಿ ಕೇಳುಗರಿದ್ದಾರೆಂದು ಗಮನಿಸುವ ಐಜಿಎಂಪಿ ಸ್ನೂಪಿಂಗ್ ಇಲ್ಲದಿದ್ದರೆ ವಿಡಿಯೊ ಎಲ್ಲ ಪೋರ್ಟುಗಳಿಗೂ ನುಗ್ಗುತ್ತದೆ. ವಿಲ್ಯಾನಿನಲ್ಲಿ (ಸ್ವಿಚ್ಚಿನೊಳಗಿನ ಪ್ರತ್ಯೇಕ ಉಪಜಾಲ) ಮಲ್ಟಿಕಾಸ್ಟ್ ರೂಟರ್ ಇಲ್ಲದಿದ್ದರೆ ಸದಸ್ಯತ್ವವನ್ನು ಆಗಾಗ ವಿಚಾರಿಸುವ ಕ್ವೆರಿಯರ್ ನೇಮಿಸಬೇಕು. ಮರೆತರೆ ಸದಸ್ಯತ್ವದ ಅವಧಿ ಮುಗಿದು ಕೆಲವು ನಿಮಿಷಗಳಲ್ಲಿ ಚಿತ್ರ ನಿಲ್ಲುತ್ತದೆ.

ಪರಿಶೀಲನೆ: 'ಶೋ ಐಪಿ ಪಿಮ್ ನೇಬರ್' ಆದೇಶ ನೆರೆಯ ರೂಟರುಗಳನ್ನೂ, 'ಶೋ ಐಪಿ ಐಜಿಎಂಪಿ ಗ್ರೂಪ್ಸ್' ಕೇಳುಗರಿರುವ ಗುಂಪುಗಳನ್ನೂ, 'ಶೋ ಐಪಿ ಎಂರೂಟ್' ಒಳಬರುವ ಮತ್ತು ಹೊರಹೋಗುವ ದಾರಿಗಳನ್ನೂ ತೋರಿಸುತ್ತವೆ. ಮೂಲದತ್ತ ಮರಳುವ ದಾರಿಯಿಂದಲ್ಲದೆ ಬೇರೆ ಇಂಟರ್‌ಫೇಸಿನಿಂದ ಬಂದ ಪ್ಯಾಕೆಟ್ಟನ್ನು ಸ್ವಿಚ್ಚು ಎಸೆಯುತ್ತದೆ. ಈ ಆರ್‌ಪಿಎಫ್ ತಪಾಸಣೆಯಲ್ಲಿ ಪ್ಯಾಕೆಟ್ಟು ಸೋತರೆ, ಪಿಂಗ್ ಸರಿಯಿದ್ದರೂ ವಿಡಿಯೊ ಬಾರದು.

ಕರ್ನಾಟಕದಲ್ಲಿ: 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹ ಯೋಜನೆಯ ಪ್ರಾಯೋಗಿಕ ಹಂತಕ್ಕೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸೇರಿತ್ತು; ಮಲ್ಟಿಕಾಸ್ಟಿನಂತೆಯೇ ಒಂದೇ ಪಾಠ ಹಲವು ಎಂಜಿನಿಯರಿಂಗ್ ಕಾಲೇಜುಗಳನ್ನು ಮುಟ್ಟಿತು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯ ಮೊದಲ ಹಂತದ ವಿನ್ಯಾಸದಲ್ಲಿ ತಾಲೂಕು ಮಟ್ಟದ ಓಎಲ್‌ಟಿ ಎಂಬ ಕೇಂದ್ರ ಸಾಧನದಿಂದ ಗ್ರಾಮ ಪಂಚಾಯಿತಿಯ ಓಎನ್‌ಟಿ ಎಂಬ ತುದಿ ಸಾಧನಕ್ಕೆ, ಒಂದೇ ಎಳೆಯನ್ನು ಹಲವು ಕಡೆಗೆ ಹಂಚುವ ಜಿಪಾನ್ ಫೈಬರ್ ಹೋಗುತ್ತದೆ. ಜಿಪಾನಿನಲ್ಲಿ ಕೆಳಮುಖ ಬೆಳಕು ಸ್ಪ್ಲಿಟರಿನಲ್ಲಿ ಹಂಚಿ ಎಲ್ಲ ಓಎನ್‌ಟಿಗಳಿಗೂ ಹೋಗುವುದರಿಂದ ಮಲ್ಟಿಕಾಸ್ಟಿನ ಒಂದೇ ಪ್ರತಿ ಸಾಕು. ಭದ್ರಾವತಿ ತಾಲೂಕಿನ ಹೊಳೆಹೊನ್ನೂರಿನಂಥ ಹೋಬಳಿಗಳ ಶಾಲೆಗಳಿಗೆ ಏಕಕಾಲದ ಪಾಠ ಮುಟ್ಟಿಸಲು ಇಂಥ ಜಾಲ ಹೇಳಿಮಾಡಿಸಿದ್ದು.

ಸಾರ್ವಜನಿಕ ಅಂತರಜಾಲದಲ್ಲಿ ಮಲ್ಟಿಕಾಸ್ಟ್ ಹರಡಲಿಲ್ಲ. ಒಂದೇ ಆಡಳಿತದ ಹಿಡಿತದಲ್ಲಿರುವ ಕಾಲೇಜು, ಜಿಲ್ಲೆ, ರಾಜ್ಯ ಮಟ್ಟದ ಜಾಲಗಳಲ್ಲಿ ಅದು ಇಂದಿಗೂ ಅತ್ಯಂತ ಮಿತವ್ಯಯದ ವಿಧಾನ.