ಸೇಂಟ್ ಹೆಲೆನಾದಿಂದ ಪ್ಯಾರಿಸಿಗೆ: ನೆಪೋಲಿಯನ್ನನ ಕಳೇಬರದ ಪುನರಾಗಮನ

ಪರದೇಶದಲ್ಲಿ ಮಡಿದವನನ್ನು ಸ್ವದೇಶಕ್ಕೆ ತರುವುದು ಬಂಧುವರ್ಗದ ಕರ್ತವ್ಯವೆಂಬುದು ಲೋಕರೂಢಿ. ಆದರೆ ಮೃತನು ಪರರಾಜ್ಯದ ಸೆರೆಯಲ್ಲಿ ಅಳಿದವನಾಗಿದ್ದರೆ, ಆತನ ಕಳೇಬರದ ಮೇಲಣ ಅಧಿಕಾರ ಯಾರದೆಂಬ ಪ್ರಶ್ನೆಯು ಎರಡು ರಾಜ್ಯಗಳ ನಡುವಣ ವ್ಯವಹಾರವಾಗಿ ಪರಿಣಮಿಸುತ್ತದೆ. 1840ರಲ್ಲಿ ನಡೆದ ನೆಪೋಲಿಯನ್ನನ ಶವಯಾನವು ಇದಕ್ಕೆ ವಿಶದವಾದ ನಿದರ್ಶನ.

ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪವು ಆಫ್ರಿಕದ ತೀರದಿಂದ ಸುಮಾರು 1,900 ಕಿಲೋಮೀಟರ್ ದೂರದಲ್ಲಿದೆ. 1834ರವರೆಗೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಅಧೀನದಲ್ಲಿದ್ದು, ಇಂಗ್ಲೆಂಡಿಗೆ ಮರಳುವ ಹಡಗುಗಳ ತಂಗುದಾಣವಾಗಿತ್ತು. ಶ್ರೀರಂಗಪಟ್ಟಣದ ಪತನಾನಂತರ ಅಲ್ಲಿ ಆಡಳಿತ ನಡೆಸಿದ ಆರ್ಥರ್ ವೆಲ್ಲೆಸ್ಲಿಯೂ 1805ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಇಲ್ಲಿ ಇಳಿದುಕೊಂಡಿದ್ದನು. ಹತ್ತು ವರ್ಷಗಳ ತರುವಾಯ ಅವನಿಂದಲೇ ಸೋತ ನೆಪೋಲಿಯನ್ ಇಲ್ಲಿ ಬಂದಿಯಾದನು. 1821ರ ಮೇ 5ರಂದು ತೀರಿಕೊಂಡನು. ತನ್ನನ್ನು ಸೇನ್ ನದಿಯ ದಡದಲ್ಲಿ ಹೂಳಬೇಕೆಂದು ಅವನು ಮರಣಶಾಸನದಲ್ಲಿ ಕೋರಿದ್ದರೂ, ಮೇ 9ರಂದು ದ್ವೀಪದ ಕಣಿವೆಯೊಂದರಲ್ಲಿಯೇ ಸಮಾಧಿಯಾಯಿತು. ಕಲ್ಲಿನ ಮೇಲೆ ‘ನೆಪೋಲಿಯನ್’ ಎಂದಷ್ಟೇ ಇರಲೆಂಬುದು ಫ್ರೆಂಚರ ಅಪೇಕ್ಷೆ. ‘ಬೋನಪಾರ್ಟ್’ ಎಂಬುದೂ ಸೇರಬೇಕೆಂಬುದು ಗವರ್ನರ್ ಹಡ್ಸನ್ ಲೋನ ಹಟ. ಮೊದಲನೆಯದು ಚಕ್ರವರ್ತಿಯ ಹೆಸರು, ಎರಡನೆಯದು ಕೇವಲ ಸೇನಾನಿಯದು. ಒಮ್ಮತ ಮೂಡದೆ ಕಲ್ಲು ಹೆಸರಿಲ್ಲದೆಯೇ ಉಳಿಯಿತು.

1840ರಲ್ಲಿ ಲೂಯಿ ಫಿಲಿಪ್ ದೊರೆಯ ಪ್ರಧಾನಿ ತಿಯೇರನು ಲಂಡನ್ನಿನ ರಾಯಭಾರಿ ಗೀಜೋನ ಮೂಲಕ ಕಳೇಬರವನ್ನು ಕೇಳಿದನು. ಬ್ರಿಟಿಷ್ ಸಚಿವ ಪಾಮರ್‌ಸ್ಟನ್ ಸಮ್ಮತಿಸಿದನು. ಗತಿಸಿದವನ ಕೀರ್ತಿಯು ತನ್ನ ದುರ್ಬಲ ಸಿಂಹಾಸನಕ್ಕೆ ಆಸರೆಯಾದೀತೆಂಬುದು ದೊರೆಯ ಎಣಿಕೆಯಾಗಿದ್ದಿತೆನ್ನಬಹುದು.

ಜುಲೈ 7ರಂದು ರಾಜಕುಮಾರ ಜ್ವಾನ್‌ವೀಲನ ನೇತೃತ್ವದಲ್ಲಿ ‘ಬೆಲ್ ಪೂಲ್’ ಯುದ್ಧನೌಕೆಯು ತೂಲೋನ್ ಬಂದರನ್ನು ಬಿಟ್ಟು, ಅಕ್ಟೋಬರ್ 8ರಂದು ದ್ವೀಪವನ್ನು ಮುಟ್ಟಿತು. ಸೆರೆವಾಸದಲ್ಲಿ ಒಡೆಯನೊಡನಿದ್ದ ಬೆರ್ತ್ರಾನ್ ಮತ್ತು ಗೂರ್ಗೋ ಅದರಲ್ಲಿದ್ದರು. ಅಕ್ಟೋಬರ್ 15ರ ನಡುರಾತ್ರಿಯ ನಂತರ ಬ್ರಿಟಿಷರೇ ಸಮಾಧಿಯನ್ನು ಅಗೆದರು; ಪರರು ಅಗೆಯುವಲ್ಲಿ ತಾನಿರುವುದು ಉಚಿತವಲ್ಲವೆಂದು ರಾಜಕುಮಾರನು ಹಡಗಿನಲ್ಲಿಯೇ ಉಳಿದನು. ಒಂದರೊಳಗೊಂದಾಗಿದ್ದ ನಾಲ್ಕು ಪೆಟ್ಟಿಗೆಗಳನ್ನು ತೆರೆದಾಗ, ಹತ್ತೊಂಬತ್ತು ವರ್ಷ ಕಳೆದಿದ್ದರೂ ದೇಹವು ಗುರುತು ಸಿಕ್ಕುವಂತೆಯೇ ಇದ್ದಿತು. ಕೆಲವೇ ನಿಮಿಷಗಳ ದರ್ಶನವಾದ ಮೇಲೆ ಪೆಟ್ಟಿಗೆಯನ್ನು ಮತ್ತೆ ಮುಚ್ಚಲಾಯಿತು.

ಅಕ್ಟೋಬರ್ 18ರಂದು ಹೊರಟ ಹಡಗಿಗೆ ನಡುದಾರಿಯಲ್ಲಿ ಆತಂಕದ ವಾರ್ತೆ ತಲುಪಿತು. ಈಜಿಪ್ಟಿನ ಮೆಹಮದ್ ಆಲಿಯ ವಿಷಯವಾಗಿ ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ನಡುವೆ ಯುದ್ಧ ಸನ್ನಿಹಿತವಾಗಿದೆಯೆಂದು ತಿಳಿದ ಜ್ವಾನ್‌ವೀಲನು ನೌಕೆಯನ್ನು ಕಾಳಗಕ್ಕೆ ಸಜ್ಜುಗೊಳಿಸಿದನು. ಸೌಹಾರ್ದದ ಕುರುಹಾಗಿ ದೊರೆತ ಕಳೇಬರವನ್ನು ಕೊಟ್ಟವರಿಂದಲೇ ಕಾಯಬೇಕಾಯಿತು! ಆದರೆ ಯುದ್ಧವಾಗಲಿಲ್ಲ. ನವೆಂಬರ್ 30ರಂದು ಹಡಗು ಶೆರ್‌ಬೂರ್ ಸೇರುವಷ್ಟರಲ್ಲಿ ತಿಯೇರನ ಮಂತ್ರಿಮಂಡಲ ಉರುಳಿ, ಗೀಜೋ ಅಧಿಕಾರಕ್ಕೆ ಬಂದಿದ್ದನು.

ಡಿಸೆಂಬರ್ 15ರಂದು ಕೊರೆಯುವ ಚಳಿಯಲ್ಲಿ ಮೆರವಣಿಗೆಯು ಪ್ಯಾರಿಸಿನ ಆಂವಾಲೀದ್ ಮಂದಿರವನ್ನು ಸೇರಿತು. ವೃದ್ಧ ಯೋಧರು ಬಂದಿದ್ದರು. ಆದರೆ ಮೃತನ ವಂಶಕ್ಕೆ ಫ್ರಾನ್ಸಿನಲ್ಲಿ ಪ್ರವೇಶ ನಿಷಿದ್ಧವಾಗಿತ್ತು. ಅದೇ ಆಗಸ್ಟಿನಲ್ಲಿ ಬೂಲೋನಿನಲ್ಲಿ ದಂಗೆಯೆಬ್ಬಿಸಲು ಹೋಗಿ ಸಿಕ್ಕಿಬಿದ್ದ ತಮ್ಮನ ಮಗ ಲೂಯಿ ನೆಪೋಲಿಯನ್ ಹಾಮ್ ಕೋಟೆಯಲ್ಲಿ ಸೆರೆಯಾಳಾಗಿದ್ದನು. ಸತ್ತವನಿಗೆ ದೊರೆತ ಸ್ವಾಗತ ಬದುಕಿದ್ದ ಬಂಧುವಿಗೆ ದೊರೆಯಲಿಲ್ಲ.

ದೊರೆಯ ಎಣಿಕೆ ಫಲಿಸಿತೆ? 1848ರಲ್ಲಿ ಅವನು ಸಿಂಹಾಸನ ಕಳೆದುಕೊಂಡನು. ಅದೇ ವರ್ಷ ಆ ಸೆರೆಯಾಳೇ ಗಣರಾಜ್ಯದ ಅಧ್ಯಕ್ಷನಾಗಿ, ಮುಂದೆ ಚಕ್ರವರ್ತಿಯೂ ಆದನು. 1858ರಲ್ಲಿ ದ್ವೀಪದ ಬರಿದಾದ ಸಮಾಧಿಸ್ಥಳವನ್ನು ಅವನು ಫ್ರಾನ್ಸಿಗಾಗಿ ಕೊಂಡನು. ಆಂವಾಲೀದಿನ ನೆಲಮಾಳಿಗೆಯಲ್ಲಿ ಕಳೇಬರವು ನೆಲೆಗೊಂಡುದು 1861ರ ಏಪ್ರಿಲ್ 2ರಂದು. ಕಳೇಬರವನ್ನು ರಾಜ್ಯವು ಒಪ್ಪಂದದಿಂದ ಪಡೆಯಬಲ್ಲುದು. ಅದರೊಡನೆ ಬರುವ ಸ್ಮೃತಿ ಯಾರ ಪಾಲಾಗುವುದೆಂಬುದನ್ನು ಯಾವ ಒಪ್ಪಂದವೂ ನಿಶ್ಚಯಿಸಲಾರದು. ದ್ವೀಪದ ಆ ಹೆಸರಿಲ್ಲದ ಗೋರಿ ಇಂದಿಗೂ ಫ್ರಾನ್ಸಿನ ಸ್ವತ್ತಾಗಿಯೇ ಇದೆ.